ಅಪ್ಪ ಹೇಳಿದ್ದೇನು

"ನಿನ್ನ ಕಡೆ ತಗ್ಗಿಸೋ, ಗೋಡೆಗೆ ತಾಗುತ್ತೆ," ಎಂದ ದರ್ಜಿ. ಮೇಜಿನ ಇನ್ನೊಂದು ತುದಿ ಹಿಡಿದಿದ್ದ ಅವನ ತಮ್ಮ ತಗ್ಗಿಸಿದ. ದೇಹ ಹೊರತರಲು ದಾರಿಯಾಯಿತು. ಸತ್ತವರು ಜಗಳಗಳಿಗೆ ಮಧ್ಯಸ್ಥಿಕೆ ಮಾಡುತ್ತಿದ್ದವರು, ಮನೆಯ ಈ ಮುಂದಿನ ಕೋಣೆಯೇ ಅವರ ಆಫೀಸು. ಒಂದು ಕಾಲಕ್ಕೆ ಅಂಗಡಿಯ ಪಾಲಿಗಾಗಿ ಈ ಅಣ್ಣತಮ್ಮಂದಿರೂ ಇದೇ ಮೇಜಿನ ಆಚೀಚೆ ಕೂತು ಹಲ್ಲು ಕಡಿದವರೇ.

"ನಿಮ್ಮಪ್ಪ ಎಂಥಾ ಪೀಡೆ ಮನುಷ್ಯ ಅಂತೀರಿ!" ಸತ್ತವರ ಮಗನಿಗೆ ಹೇಳುತ್ತಾ ದರ್ಜಿ ನಕ್ಕು ಕಣ್ಣೊರೆಸಿಕೊಂಡ. "ಎದುರಿನವನು ಏನಂದ ಅಂತ ಮೊದಲು ನಾನು ಹೇಳ್ಬೇಕು. ಅವನು 'ಹೂಂ, ಅದನ್ನೇ ಅಂದಿದ್ದು' ಅನ್ನೋವರೆಗೂ ನಾನು ಬಾಯಿ ಬಿಡೋ ಹಾಗಿಲ್ಲ. ಈ ನನ್ನ ತಮ್ಮ ಮಹಾರಾಯನ ಮಾತು ನಾನೇ ಹೇಳೋ ಹೊತ್ತಿಗೆ ನನ್ನ ಸಿಟ್ಟೆಲ್ಲ ಠುಸ್. ನಿಮಗಂತೂ ಮನೇಲಿ ದಿನಾ ಇದೇ ಪಾಠ, ಅಲ್ವಾ?"

ಮಗ ಹೂಂಗುಟ್ಟಿದ. ಅವನ ಕಿವಿ ಬಿಸಿಯಾಯಿತು.

*

ಹೋದ ವರ್ಷ ಇದೇ ಕೋಣೆಯಲ್ಲಿ ಅವನು ಕೂಗಾಡಿದ್ದ. ಕಂಡವರ ಜಗಳವೆಲ್ಲ ನಮ್ಮ ಮನೆಗೇ ಬರಬೇಕಾ, ಇನ್ನು ಸಾಕು ಮಾಡಿ ಎಂದು. ಅಪ್ಪ ಪೂರ್ತಿ ಕೇಳಿಸಿಕೊಂಡು, ಮಗನ ದೂರನ್ನು ಮಗನಿಗಿಂತ ಚೆನ್ನಾಗಿ ತಿರುಗಿ ಹೇಳಿದರು.

"ಇದೇ ತಾನೇ ನೀನು ಅಂದಿದ್ದು?"

"ಹೂಂ."

ಆಮೇಲೆ ಅಪ್ಪ ಮೆಲ್ಲಗೆ ಏನೋ ಹೇಳಿದರು. ಮಗ ಅಷ್ಟರಲ್ಲಿ ತನ್ನ ಮುಂದಿನ ಮಾತು ಮಸೆಯುತ್ತಿದ್ದ.

"ಈಗ ನಾನು ಏನಂದೆ, ಹೇಳು ನೋಡೋಣ."

"ನಿಮ್ಮ ಗಿಳಿಪಾಠ ಆ ಜಗಳಗಂಟರ ಹತ್ರ ಇಟ್ಕೊಳ್ಳಿ!"

ಬಾಗಿಲು ದಬಾರನೆ ಎಳೆದುಕೊಂಡು ಹೋದವನು ಮತ್ತೆ ಬಂದದ್ದು ಇವತ್ತೇ.

*

ಅವತ್ತು ತಾನು ಆಡಿದ್ದೆಲ್ಲ ಮಗನಿಗೆ ಅಕ್ಷರ ಬಿಡದೆ ನೆನಪಿತ್ತು. ಅಪ್ಪ ಆಡಿದ್ದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಕೊನೆಗೆ ಒಳಗೆ ಹೋಗಿ ಅಮ್ಮನ ಪಕ್ಕ ಕುಕ್ಕರಿಸಿದ.

"ಅಮ್ಮಾ, ಅವತ್ತು ಅಪ್ಪ ನಂಗೆ ಏನಂದ್ರು?"

"ಒಲೆ ಮುಂದಿದ್ದ ನನಗೇ ಕೇಳಿಸ್ತಲ್ಲೋ. ನೀನು ಎದುರಿಗೇ ಇದ್ದೆ."

"ನಾನು ಕೇಳಿಸ್ಕೊಳ್ಳಲಿಲ್ಲಮ್ಮ."

ಅಮ್ಮ ಅವನನ್ನೇ ನೋಡಿದಳು. "ಎದೆ ಹಿಡಿದ ಹಾಗಾಗುತ್ತೆ, ಒಬ್ಬನೇ ಆಸ್ಪತ್ರೆಗೆ ಹೋಗೋಕೆ ಭಯ, ಜೊತೆಗೆ ಬರ್ತೀಯಾ ಅಂದ್ರು. ನಾನು ಫೋನ್ ಮಾಡ್ತೀನಿ ಅಂದ್ರೂ ಬಿಡ್ಲಿಲ್ಲ. 'ಕೇಳಿದೀನಲ್ಲ, ಸಿಟ್ಟಿಳಿದ ಮೇಲೆ ಬರ್ತಾನೆ' ಅಂತ ಕೊನೇವರೆಗೂ ಕಾದ್ರು."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನುವಷ್ಟು ನಾಚಿಕೆಯಾಯಿತು ಅವನಿಗೆ.

ಹೊರಗೆ ದೇಹವನ್ನು ವ್ಯಾನಿಗೆ ಏರಿಸಿಯಾಗಿತ್ತು. ಡ್ರೈವರ್ ಹಿಂದಿನ ಬಾಗಿಲು ಹಿಡಿದುಕೊಂಡು ಕೇಳಿದ, "ಇವರ ಜೊತೆ ಯಾರು ಬರ್ತೀರಿ?"

ಎಲ್ಲರೂ ಸರಿದು ಮಗನಿಗೆ ದಾರಿ ಬಿಟ್ಟರು. ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಇನ್ನೊಂದನ್ನು ನೆಲದಿಂದ ಎತ್ತಲಾರದೆ, ತಲೆ ತಗ್ಗಿಸಿಕೊಂಡು ಹಾಗೇ ನಿಂತ.