ನಾಲ್ಕನೆಯ ದಿನದ ಭೇಟಿ

"ಸಿಂಹ ಬ್ಯಾಟಿ ಆಡೂದು ಗ್ಯಾರಂಟಿ ಕಾಣತೈತೇನು?" ಎಂದು ಭೀಮಗೊಂಡ ಮೂರನೆಯ ಸಲ ಕೇಳಿದ.

ನಿಪ್ಪಾಣಿಯಿಂದ ಬಂದಿದ್ದ ಟೂರ್ ಏಜೆಂಟ್ ಸಂಗ್ರಾಮ ಲ್ಯಾಪ್‌ಟಾಪನ್ನು ಅವನ ಕಡೆ ಇನ್ನಷ್ಟು ತಿರುಗಿಸಿದ. "ಗ್ಯಾರಂಟಿ ಹೆಂಗ ಕೊಡಾಕ ಬರತೈತ್ರಿ ಅಣ್ಣಾರ? ಕೀನ್ಯಾದ ಕಾಡ ಅದು. ಖರೆ, ಚಾನ್ಸ್ ಭಾಳ ಐತಿ."

ಜಿನಮತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಜೈನ ನೇಮದಂತೆ ಸೋಸದ ನೀರು ಕುಡಿಯದವನು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವನು, ಜೀವಂತ ಜಿಂಕೆಯನ್ನು ಸಿಂಹ ಸೀಳುವುದನ್ನು ನೋಡಲು ಖಾತ್ರಿ ಕೇಳುತ್ತಿದ್ದ. ತಲೆಯ ಮೇಲೆ ಕೊಲ್ಲಾಪುರದಿಂದ ತಂದ ಖಾಕಿ ಟೊಪ್ಪಿಗೆ. ಮೂರು ದಿನದಿಂದ ಅದನ್ನು ಹಾಕಿಕೊಂಡೇ ಮನೆಯೊಳಗೆ ತಿರುಗುತ್ತಿದ್ದ. ಮಾಳಿಗೆ ಹತ್ತಿ ದುರ್ಬೀನಿನಿಂದ ಕಬ್ಬಿನ ಗದ್ದೆಯಲ್ಲಿ ನವಿಲು ಹುಡುಕುತ್ತಿದ್ದ. ನವಿಲುಗಳು ಹಿತ್ತಲಲ್ಲಿ ಜೋಳ ತಿನ್ನುತ್ತಿದ್ದವು. ಅವರ ಊರು ಶೇಡಬಾಳದಿಂದ ಇವರೂ ಸೇರಿ ನಾಲ್ಕು ಜೋಡಿ ಹೊರಡುವವರಿದ್ದರು. ಜೊತೆಗೊಬ್ಬ ಅಡುಗೆಯವನು.

"ನಾಲ್ಕನೇ ದಿನ ಲೋಕಲ್ ಕಲ್ಚರ್ ಐತ್ರಿ," ಎಂದ ಸಂಗ್ರಾಮ. "ದನ ಕಾಯೋ ಮಂದಿ ಹಳ್ಳಿಗೆ ಹೋಗೂದು. ಅವರ ಗುಡಿಸಲದಾಗ ಕುಂದ್ರೂದು."

"ಒಳಗ ಬಿಡತಾರ?"

"ಕೈ ಹಿಡದ ಕರಕೊಂಡ ಹೋಗತಾರ್ರಿ."

ಭೀಮಗೊಂಡನ ಮುಖ ಅರಳಿತು. "ಇದು ನೋಡು ಖರೆ ಪ್ರವಾಸ. ಮಂದಿ ಮನಿಯೊಳಗ ಹೋಗಿ ಕುಂತ್ರನ ಅವರ ಬಾಳೇವು ತಿಳಿಯೂದು."

ಅಷ್ಟರಲ್ಲಿ ಧೂಳಪ್ಪ ಬಂದ. ಇಪ್ಪತ್ತೆರಡು ವರ್ಷದಿಂದ ಇವರ ಕಬ್ಬಿಗೆ ನೀರು ಹಾಯಿಸುತ್ತಿದ್ದವನು, ಎಂದಿನಂತೆ ಮೆಟ್ಟಿಲ ಕೆಳಗೇ ನಿಂತು ಒಂದು ಕಾರ್ಡು ಚಾಚಿದ. "ಐತವಾರ ಹೊಸ ಮನಿ ಪ್ರವೇಶ ಐತ್ರಿ ಅಣ್ಣಾರ. ನಮ್ಮ ಕಾಂಚನ ಅಥಣಿ ದವಾಖಾನ್ಯಾಗ ನರ್ಸ್ ಅದಾಳಲ್ರಿ, ಅಕಿನ ಕಟ್ಟಿಸ್ಯಾಳ. ನೀವು, ಅಕ್ಕಾರು ಊಟಕ್ಕ ಬರಬೇಕ್ರಿ."

"ಆತು, ನೋಡೂನು. ಡ್ರೈವರ್ ಕೈಯಾಗ ಸೀರಿ ಕಳಸತೀನಿ," ಎಂದು ಭೀಮಗೊಂಡ ಕಾರ್ಡನ್ನು ತೆರೆಯದೆ ಟೇಬಲ್ ಮೇಲಿಟ್ಟ. ಧೂಳಪ್ಪ ಹೋದ ಮೇಲೆ ಸಂಗ್ರಾಮನಿಗೆ ಹೇಳಿದ, "ಅವರ ಕೇರಿಯಾಗ ನಾವು ಹೋಗಿ ಉಂಡ್ರ ಊರಾಗ ಏನಂದಾರು? ಹಾಂ, ನಾಲ್ಕನೇ ದಿನ. ಗುಡಿಸಲ ಒಳಗ ಫೋಟೋ ತಗೀಬೋದಿಲ್ಲೋ?"

ಜಿನಮತಿಗೆ ಹೇಸಿಗೆಯಾಯಿತು. ಮೊದಲು ಗಂಡನ ಮೇಲೆ. ಆಮೇಲೆ, ಧೂಳಪ್ಪನ ಚಹಾದ ಕಪ್ಪನ್ನು ಇಷ್ಟು ವರ್ಷ ಕಿಟಕಿಯಲ್ಲಿ ಬೇರೆ ಇಟ್ಟ ತನ್ನ ಕೈಯ ಮೇಲೆ.

ಗೃಹಪ್ರವೇಶದ ಭಾನುವಾರ ಅವಳು ಇಳಕಲ್ ಸೀರೆಯುಟ್ಟು ಹೊರಬಂದಾಗ ಭೀಮಗೊಂಡ ದುರ್ಬೀನು ಒರೆಸುತ್ತಿದ್ದ.

"ಎಲ್ಲಿಗಿ?"

"ಧೂಳಪ್ಪನ ಮನಿಗಿ. ನಾಲ್ಕನೇ ದಿನದ ತನಕ ಕಾಯೂದು ನನ್ನ ಕೈಲಿ ಆಗೂದಿಲ್ರಿ."

ಅವನು ನಕ್ಕ. ಅವಳು ಚಪ್ಪಲಿ ಮೆಟ್ಟಿ ಗೇಟು ದಾಟಿದಾಗ ಆ ನಗು ನಿಂತಿತು.

ಹೊಸ ಮನೆಗೆ ಇನ್ನೂ ಬಣ್ಣದ ವಾಸನೆಯಿತ್ತು. ಧೂಳಪ್ಪನ ಹೆಂಡತಿ ಸುಂದರಾ ಅವಳನ್ನು ಕೂರಿಸಿ ತಾಟು ತಂದಿಟ್ಟಳು. "ಉಳ್ಳಾಗಡ್ಡಿ, ಬಟಾಟಿ ಹಾಕಿಲ್ರಿ ಅಕ್ಕಾರ. ನಿಮಗಂತ ಬ್ಯಾರೆ ಭಾಂಡೇದಾಗ ಮಾಡೇನಿ. ನೀರೂ ಸೋಸೇನಿ."

ಜಿನಮತಿಯ ಕೈ ತುತ್ತಿನಲ್ಲೇ ನಿಂತಿತು. "ನೀವು ಏನ ಉಣ್ಣತೀರಿ, ಏನ ಬಿಡತೀರಿ ಅಂತ ನಾ ಒಂದಿನಾನೂ ಕೇಳಿಲ್ಲ, ಸುಂದರಾ."

"ಈಗ ಉಣ್ರಿ," ಎಂದಳು ಸುಂದರಾ.

ಹೊರಗೆ ಕಾರಿನ ಹಾರ್ನ್ ಕೇಳಿತು. ಒಂದು ಸಲ, ಮತ್ತೊಂದು ಸಲ. ಊಟಕ್ಕೆ ಕೂತಿದ್ದ ಧೂಳಪ್ಪ ಕೈ ತೊಳೆದು ಓಡಿದ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು: ಗಾಜು ನಾಲ್ಕು ಬೆರಳಷ್ಟು ಇಳಿಯಿತು, ಒಳಗೆ ಖಾಕಿ ಟೊಪ್ಪಿಗೆ ಕಂಡಿತು. ಆ ಸಂದಿಗೆ ಮುಖ ಹಚ್ಚಿ, ಸೊಂಟ ಬಗ್ಗಿಸಿ, ಧೂಳಪ್ಪ ಮನೆಯೊಳಗೆ ಬರ್ರಿ ಎಂದು ಬೇಡುತ್ತಿದ್ದ.

ಬಡಿಸುತ್ತಿದ್ದ ಕಾಂಚನ ಸವಟು ಕೆಳಗಿಡದೆ ಹೊಸ್ತಿಲಿಗೆ ಬಂದಳು. "ಅಪ್ಪಾ, ಒಳಗ ಬಾ. ಸಾರು ಆರಾಕತ್ತೈತಿ."

ಧೂಳಪ್ಪ ತಿರುಗಿ ಮಗಳನ್ನು ನೋಡಿದ, ಕಾರನ್ನು ನೋಡಿದ. ನಿಧಾನಕ್ಕೆ ಬೆನ್ನು ನೆಟ್ಟಗೆ ಮಾಡಿಕೊಂಡ.

ಜಿನಮತಿ ತಾಟು ಮುಂದೆ ಮಾಡಿದಳು. "ಇನ್ನೊಂದೀಟ ಅನ್ನ ಹಾಕವಾ."

ಓಣಿ ಇಕ್ಕಟ್ಟಾಗಿತ್ತು. ಕಾರು ಹಿಂದೆ ಮುಂದೆ, ಹಿಂದೆ ಮುಂದೆ ಸರಿಯುತ್ತ ತಿರುಗಲು ಹೆಣಗುವ ಸದ್ದು ಒಳಗೆ ಬಹಳ ಹೊತ್ತು ಕೇಳುತ್ತಿತ್ತು.