ಕೆಂಪು ದೀಪದಲ್ಲಿ ಮಾವ, ಅಳಿಯ

"ನಿನ್ನ ಗಂಡನಿಗೆ ಹೇಳು, ಕತ್ತರಿ ಹಿಡಿಯೋದು ಹಾಗಲ್ಲ ಅಂತ," ಬಾತ್‌ರೂಮಿನ ಒಳಗಿಂದ ಅಪ್ಪನ ದನಿ ಬಂತು.

"ರೀ, ಕತ್ತರಿ ಹಿಡಿಯೋದು ಹಾಗಲ್ಲವಂತೆ," ಎಂದಳು ಮಗಳು, ಹೊರಗೆ ನಿಂತು, ಒಳಗಿನಿಂದ ಚಿಲಕ ಹಾಕಿದ ಬಾಗಿಲಿಗೆ ಬಾಯಿಟ್ಟು.

"ನಿಮ್ಮಪ್ಪನಿಗೆ ಹೇಳು, ಇದು ಬಟ್ಟೆ ಅಲ್ಲ, ಫೋಟೋ ಕಾಗದ ಅಂತ."

ಒಳಗಿದ್ದ ಇಬ್ಬರ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಆದರೂ ಮಾತು ಹೊರಗೆ ಬಂದೇ ಒಳಗೆ ಹೋಗಬೇಕು. ಊರಿಗೆಲ್ಲ ಕೋಟು ಹೊಲಿದ ದರ್ಜಿಯ ಅಳಿಯ ಮದುವೆಗೆ ರೆಡಿಮೇಡ್ ಕೋಟು ಹಾಕಿಕೊಂಡು ಬಂದಿದ್ದ; ಅಂದು ಮಾತು ಬಿಟ್ಟ ಮಾವ ಮೂರು ವರ್ಷವಾದರೂ ಆಡಿರಲಿಲ್ಲ. ಅಳಿಯನೂ ಹಟ ಬಿಟ್ಟಿರಲಿಲ್ಲ. ನಡುವೆ ಸಿಕ್ಕಿ ಮಗಳು ಹೈರಾಣಾಗಿದ್ದಳು.

ಇಂದು ಆಗಿದ್ದು ಮಾತ್ರ ಅವಳದೇ ತಪ್ಪು. ಮುಚ್ಚಿಹೋದ ಸ್ಟುಡಿಯೊದಿಂದ ಗಂಡ ಫೋಟೋ ಕಾಗದದ ದೊಡ್ಡ ಸುರುಳಿ ತಂದಿದ್ದ. ಅದನ್ನು ಕೆಂಪು ದೀಪದಲ್ಲೇ ಹಾಳೆಹಾಳೆಯಾಗಿ ಕತ್ತರಿಸಿ ಕಪ್ಪು ಚೀಲಗಳಲ್ಲಿ ತುಂಬಿಡಬೇಕು. ಬಿಸಿಲಿನ ಒಂದು ಗೆರೆ ಬಿದ್ದರೂ ಎಲ್ಲ ಹಾಳು. ಬಾಗಿಲ ಸಂದಿಗೆ ಹಳೆಯ ಚಾದರ ತುರುಕುವ ಗಡಿಬಿಡಿಯಲ್ಲಿ, ಅಪ್ಪ ಪರದೆಯ ಹಿಂದೆ ಕಾಲು ತೊಳೆಯುತ್ತಿದ್ದುದು ಅವಳಿಗೆ ಮರೆತೇಹೋಯಿತು. ಅವರು ಕೆಮ್ಮುವಷ್ಟರಲ್ಲಿ ಅಳಿಯ ಸುರುಳಿ ಬಿಚ್ಚಿಯಾಗಿತ್ತು; ಕೆಲಸ ಮುಗಿಯುವವರೆಗೆ ಇನ್ನು ಬಾಗಿಲು ತೆರೆಯುವಂತಿರಲಿಲ್ಲ.

"ಸೊಟ್ಟ! ಸೊಟ್ಟ ಹೋಗ್ತಿದೆ ಅಂತ ಹೇಳೇ!"

ಅವಳು ಬಾಯಿ ತೆರೆದಳು. ಯಾಕೋ ಒಮ್ಮೆಲೇ ಸಾಕುಸಾಕಾಯಿತು. ಬಾಯಿ ಮುಚ್ಚಿಕೊಂಡಳು.

"ಏ, ಇದ್ದೀಯಾ?" ಎಂದರು ಅಪ್ಪ.

"ಎಲ್ಲೇ ಹೋದೆ?" ಎಂದ ಗಂಡ.

ಉಸಿರು ಬಿಗಿಹಿಡಿದು ನಿಂತಳು. ಒಳಗೆ ಕತ್ತರಿ ಕಚಕಚ ಎಂದಿತು. ಇನ್ನೊಂದು ಹಾಳೆಯೂ ಸೊಟ್ಟ ಹೋಯಿತೆಂದು ಕಾಣುತ್ತದೆ. ದರ್ಜಿಯ ಜೀವ ಎಷ್ಟೂಂತ ತಡೆದೀತು?

"ಅಯ್ಯೋ, ಕೊಡಯ್ಯ ಇಲ್ಲಿ ಕತ್ತರೀನ! ಮೊದಲು ಅಳತೆಗೊಂದು ರಟ್ಟು ಕತ್ತರಿಸ್ಕೋಬೇಕು. ಆ ತುದಿ ಗಟ್ಟಿಯಾಗಿ ಹಿಡ್ಕೋ, ಇಲ್ದಿದ್ರೆ ಮತ್ತೆ ಸುತ್ಕೊಳ್ಳುತ್ತೆ."

ಕಾಗದ ಸರಸರ ಎಂದಿತು.

"ಹಿಡ್ಕೊಂಡೆ, ಮಾವ. ನುಣುಪು ಕಡೆಗೆ ಬೆರಳು ತಾಗಿಸಬೇಡಿ."

"ಗೊತ್ತಯ್ಯ. ರೇಷ್ಮೆ ಕತ್ತರಿಸಿದ ಕೈ ಇದು."

ಕತ್ತರಿ ಒಂದೇ ಸಮನೆ ಓಡತೊಡಗಿತು. ಆಮೇಲೆ ಅದೂ ನಿಂತು, ಒಂದು ಚೀಲಕ್ಕೆ ಎಷ್ಟು ಹಾಳೆ ತುಂಬಬೇಕೆಂದು ಇಬ್ಬರೂ ಜಗಳಕ್ಕೆ ಬಿದ್ದರು. ನಡುವೆ ಯಾರೂ ಇಲ್ಲದ, ಮುಖಾಮುಖಿ ಜಗಳ! ಹೊರಗಿದ್ದವಳಿಗೆ ಸಂತೋಷದಿಂದ ಕಣ್ಣು ತುಂಬಿತು.

ಅಷ್ಟರಲ್ಲಿ ಅವಳಿಗೇ ಒಳಗೆ ಹೋಗುವ ಅವಸರವಾಯಿತು. ಮನೆಗೆ ಇದ್ದದ್ದು ಅದೊಂದೇ ಬಾತ್‌ರೂಮು. ತಟ್ಟಲು ಕೈ ಎತ್ತಿದಳು.

"ಅಲ್ಲ ಮಾವ, ನಾನು ಹೇಳೋದು ಸ್ವಲ್ಪ ಕೇಳಿ..." ಎನ್ನುತ್ತಿದ್ದ ಗಂಡ.

ಕೈ ಇಳಿಸಿದಳು. ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಮೆಟ್ಟಿಲಿಳಿದು, ಪಕ್ಕದ ಮನೆಯ ಬಾಗಿಲು ತಟ್ಟಿದಳು.