ಒಂದೇ ಮೊಳೆಗೆ ತೂಗಿದ ಚಾರ್ಟು

ನಾನು ಒಂದು ಗೋಡೆ ಚಾರ್ಟು. ನನ್ನ ತಲೆಯ ಮೇಲೆ ‘ನಮ್ಮ ಕುಟುಂಬ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಇತ್ತು ಎನ್ನುತ್ತೇನೆ, ಏಕೆಂದರೆ ಈಗ ಆ ತಲೆ ಒಂದು ಕಡೆ, ಮೈ ಇನ್ನೊಂದು ಕಡೆ.

ಹುಟ್ಟಿದ್ದು ದೂರದ ಒಂದು ಅಚ್ಚುಕೂಟದಲ್ಲಿ. ಮೊದಲು ಮೈಮೇಲೆ ಹಳದಿ ಬಿತ್ತು, ಆಮೇಲೆ ಕೆಂಪು, ಆಮೇಲೆ ನೀಲಿ. ಕೊನೆಗೆ ಕಪ್ಪು ಬಿದ್ದಾಗಲೇ ನನ್ನೊಳಗೆ ಯಾರು ಯಾರಿದ್ದಾರೆ ಎಂದು ತಿಳಿದದ್ದು. ಕುರ್ಚಿಯಲ್ಲಿ ಕೂತು ಪೇಪರು ಓದುವ ಅಪ್ಪ. ಬಳೆ ತೊಟ್ಟ ಕೈಯಲ್ಲಿ ಲಟ್ಟಣಿಗೆ ಹಿಡಿದ ಅಮ್ಮ. ಚೆಂಡು ಒದೆಯುವ ಹುಡುಗ, ಕಸ ಗುಡಿಸುವ ಹುಡುಗಿ. ಕೆಂಪು ಒಂದೆಳೆ ಆಚೆ ಸರಿದಿದ್ದರಿಂದ ಅಮ್ಮನ ತುಟಿಯ ಬಣ್ಣ ಕೆನ್ನೆಗೆ ಹತ್ತಿತ್ತು. ಯಾರೂ ಅದನ್ನು ನೋಡಲಿಲ್ಲ. ಮೇಲೊಂದು ಕೆಳಗೊಂದು ತಗಡಿನ ಪಟ್ಟಿ ಹಾಕಿ, ಸುರುಳಿ ಸುತ್ತಿ ಕಳಿಸಿಬಿಟ್ಟರು.

ಸಂಕನಾಳದ ಶಾಲೆಯಲ್ಲಿ ನನ್ನನ್ನು ಒಂದೇ ಮೊಳೆಗೆ ತೂಗುಹಾಕಿದರು. ಒಂದೇ ಮೊಳೆಯ ಬದುಕು ಎಂದರೆ ನಿಲ್ಲದ ಬದುಕು. ಕಿಟಕಿಯಿಂದ ಗಾಳಿ ಬಂದರೆ ಎಡಕ್ಕೆ, ಬಾಗಿಲಿಂದ ಬಂದರೆ ಬಲಕ್ಕೆ. ತಗಡಿನ ಪಟ್ಟಿ ದಿನವಿಡೀ ಗೋಡೆಗೆ ಟಕ್ ಟಕ್ ಎನ್ನುತ್ತಿತ್ತು.

ಎರಡನೆಯ ಇಯತ್ತೆಗೆ ಕಲಿಸುತ್ತಿದ್ದವರು ಹೊಸಮನಿ ಅಕ್ಕೋರು. ಕೋಲಿನ ತುದಿಯನ್ನು ನನ್ನ ಮೇಲಿಟ್ಟು ಕೇಳುವರು: “ಅಪ್ಪ ಏನ್ ಮಾಡಾಕತ್ತಾನ?”

“ಪೇಪರ್ ಓದಾಕತ್ತಾನ್ರೀ!” ಎಂದು ಮಕ್ಕಳು ಕೂಗುವರು.

ಒಂದು ದಿನ ಅಕ್ಕೋರು ಕೋಲು ಇಳಿಸಿ, “ನಿಮ್ಮ ನಿಮ್ಮ ಮನೀದು ಹೇಳ್ರಿ. ದಾನವ್ವ, ನಿಮ್ಮವ್ವ ಏನ್ ಮಾಡ್ತಾಳ?” ಎಂದರು.

ದಾನವ್ವ ಮೂರನೆಯ ಸಾಲಿನ ಹುಡುಗಿ. ಅವಳ ಅಪ್ಪ ಫಕ್ಕೀರಪ್ಪ ಊರಿಂದ ಎರಡು ಮೈಲಿ ಆಚೆಗಿನ ಕ್ರಾಸಿನಲ್ಲಿ ಖಾನಾವಳಿ ಇಟ್ಟಿದ್ದ. ಅವನಿಗೆ ಓದು ಬಾರದು. ಅವಳ ಅವ್ವ ನೀಲವ್ವ ಏಳನೆಯ ಇಯತ್ತೆ ಕಲಿತವಳು.

“ನಮ್ಮವ್ವ ಪೇಪರ್ ಓದ್ತಾಳ್ರಿ, ಉಣ್ಣಾಕ ಬಂದವ್ರಿಗೆ ಕೇಳೂಹಂಗ. ನಮ್ಮಪ್ಪ ರೊಟ್ಟಿ ಬಡೀತಾನ.”

ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ಚೇಷ್ಟೆ ಮಾಡುತ್ತಿದ್ದಾಳೆ ಎಂದೇ ಅಕ್ಕೋರು ತಿಳಿದರು. “ಚಾರ್ಟ್ ನೋಡಿ ಹೇಳೂದು ಕಲಿ,” ಎಂದು ಅವಳನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿದರು. ಗಂಟೆ ಹೊಡೆಯುವವರೆಗೆ ಅವಳು, “ಅವ್ವ ಅಡಿಗಿ ಮಾಡ್ತಾಳ, ಅಪ್ಪ ಪೇಪರ್ ಓದ್ತಾನ,” ಎಂದು ನನ್ನ ಮುಖ ನೋಡಿ ಒಪ್ಪಿಸುತ್ತಲೇ ಇದ್ದಳು. ನನ್ನ ಪಟ್ಟಿ ಟಕ್ ಟಕ್ ಎಂದು ಅವಳ ಮಾತಿಗೆ ತಾಳ ಹಾಕಿತು. ಆ ತಾಳ ನನಗೆ ಇಂದಿಗೂ ನಾಚಿಕೆ.

ಆ ಚಳಿಗಾಲದಲ್ಲಿ, ಜೆಂಡಾ ಹಾರಿಸಿದ ದಿನ, ಊಟಕ್ಕೆ ಕ್ರಾಸಿನ ಖಾನಾವಳಿಯಿಂದಲೇ ರೊಟ್ಟಿ ತರಿಸಿದ್ದರು. ಫಕ್ಕೀರಪ್ಪ ತಲೆಯ ಮೇಲೆ ಬುಟ್ಟಿ ಹೊತ್ತು ಬಾಗಿಲಿಗೆ ಬಂದ. ಮೊಣಕೈವರೆಗೂ ಜೋಳದ ಹಿಟ್ಟು. ದಾನವ್ವನ ಪಕ್ಕದಲ್ಲಿ ಹೊಸದಾಗಿ ಸೇರಿದ್ದ, ಬ್ಯಾಂಕಿನವರ ಮಗಳಿದ್ದಳು.

“ಯಾರ ಅಂವ? ಕೈಗೆ ಹಿಟ್ಟ ಹಚಗೊಂಡ ಬಂದಾನಲ್ಲ!”

ದಾನವ್ವ ನನ್ನತ್ತ ಒಮ್ಮೆ ನೋಡಿದಳು. ಕುರ್ಚಿಯ ಮೇಲಿನ ಅಪ್ಪನನ್ನು ನೋಡಿದಳು.

“ನಮ್ಮನಿ ಆಳು,” ಎಂದಳು.

ಫಕ್ಕೀರಪ್ಪ ಬುಟ್ಟಿ ಇಳಿಸಿ ಹೊರಟುಹೋದ. ಆ ಮಾತು ಕೇಳಿದ್ದು ಆ ಹುಡುಗಿ ಮತ್ತು ನಾನು ಇಬ್ಬರೇ ಎಂದುಕೊಂಡೆ. ದಾನವ್ವನೂ ಹಾಗೆಯೇ ಅಂದುಕೊಂಡಿರಬೇಕು. ಆಮೇಲೆ ಅವಳು ಆ ಶಾಲೆಯಲ್ಲಿ ಇದ್ದಷ್ಟು ದಿನ ನನ್ನ ಕಡೆ ಮುಖ ಎತ್ತಲಿಲ್ಲ.

ವರ್ಷಗಳು ಕಳೆದವು. ಗೋಡೆಗೇ ಚಿತ್ರ ಬರೆಸಿದ ಮೇಲೆ ನನ್ನನ್ನು ಸುತ್ತಿ ಸಾಮಾನಿನ ಕೋಣೆಗೆ ತಳ್ಳಿದರು. ಮುರಿದ ಬೆಂಚು, ತಳವಿಲ್ಲದ ಬಕೀಟು, ನಾನು. ಇಲಿ ಬಂದು ನನ್ನ ಹುಡುಗನ ಚೆಂಡನ್ನು ತಿಂದಿತು. ಅಲ್ಲಾಡಲು ಗಾಳಿಯೂ ಇರಲಿಲ್ಲ. ಆದರೂ ಒಳಗೆ ನೆಮ್ಮದಿ ಇಲ್ಲ. ಆ ಒಂದು ಮಾತು ಸುರುಳಿಯ ನಡುವೆ ಸಿಕ್ಕಿಕೊಂಡಂತೆ.

ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. “ಹಳೇ ಚಾರ್ಟಾ? ಅದನ್ನ ಒಯ್ದು ಏನ್ ಮಾಡ್ತೀರವ್ವಾ?” ಎಂದು ಹೆಡ್‌ಮಾಸ್ತರರು ಕೇಳುತ್ತಿದ್ದರು.

“ಕತ್ತರಸ್ತೀನ್ರಿ,” ಎಂದಳು ಬಂದವಳು. ತಲೆಯಲ್ಲಿ ನಾಲ್ಕು ಬಿಳಿ ಕೂದಲು, ಕನ್ನಡಕ. ಆದರೆ ನನ್ನನ್ನು ನೋಡಿದ್ದೇ ಮುಖ ತಗ್ಗಿಸಿದಳಲ್ಲ, ಆಗ ಗುರುತು ಸಿಕ್ಕಿತು.

ಧಾರವಾಡದ ಅವಳ ಕೋಣೆಯಲ್ಲಿ ನನ್ನಂಥವರು ಎಷ್ಟೋ ಜನ. ಹಳೆಯ ಅಂಕಲಿಪಿಗಳು, ಬೆಂಕಿಪೊಟ್ಟಣದ ಲೇಬಲ್ಲುಗಳು, ಕ್ಯಾಲೆಂಡರಿನ ಮುದ್ದು ಕೂಸುಗಳು. ಎಲ್ಲವನ್ನೂ ಕತ್ತರಿಸಿ, ಒಂದರ ಮೈಗೆ ಇನ್ನೊಂದರ ತಲೆ ಅಂಟಿಸಿ ಅವಳು ಕೊಲಾಜ್ ಮಾಡುತ್ತಿದ್ದಳು. ಅಂಕಲಿಪಿಯ ಜಡೆಯ ಹುಡುಗಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದಳು. ಮೀಸೆಯ ಪೈಲ್ವಾನ ತೊಟ್ಟಿಲು ತೂಗುತ್ತಿದ್ದ. ಪ್ರದರ್ಶನಕ್ಕೆ ವಾರವಷ್ಟೇ ಉಳಿದಿತ್ತು. ನನ್ನ ಮೇಲೆ ಮಾತ್ರ ಅವಳ ಕೈ ಏಳಲೊಲ್ಲದು. ಬಿಚ್ಚುವಳು, ನೋಡುವಳು, ಮತ್ತೆ ಸುತ್ತಿಡುವಳು. ಕತ್ತರಿಗೆ ನಾನು ಹೆದರಿದ್ದೆ. ನನಗಿಂತ ಹೆಚ್ಚು ಅವಳೇ ಹೆದರಿದ್ದಳು.

ಕೊನೆಗೊಂದು ಮಧ್ಯಾಹ್ನ ಕತ್ತರಿ ಓಡಿತು. ನೋವಾಗಲಿಲ್ಲ, ತಣ್ಣಗಾಯಿತು ಅಷ್ಟೆ. ಪೇಪರು ಹಿಡಿದ ಅಪ್ಪನ ಕೈಗಳು ಅಮ್ಮನ ಹೆಗಲಿಗೆ ಬಂದವು. ಅಪ್ಪನ ಮುಖದ ಜಾಗಕ್ಕೆ ಫಕ್ಕೀರಪ್ಪನ ಫೋಟೋ ಬಂತು. ಅವನ ಹೆಗಲಿಗೆ ಅಮ್ಮನ ಎರಡು ಕೈ, ಬಳೆ ಲಟ್ಟಣಿಗೆ ಸಮೇತ, ಬಂದು ಕೂತವು. ಅವಳು ದೂರ ನಿಂತು ನೋಡಿದಳು, ಹತ್ತಿರ ಬಂದಳು, ಮತ್ತೆ ದೂರ ಹೋದಳು. ಏನೋ ಸರಿಯಿಲ್ಲ, ಏನೆಂದು ಅವಳಿಗೂ ಹೊಳೆಯದು, ನನಗೂ ಹೊಳೆಯದು.

ಮರುದಿನ ಫಕ್ಕೀರಪ್ಪ ಕಣ್ಣು ತೋರಿಸಲು ಧಾರವಾಡಕ್ಕೆ ಬಂದ. ನೀಲವ್ವ ಖಾನಾವಳಿ ನೋಡಿಕೊಳ್ಳಲು ಊರಲ್ಲೇ ಉಳಿದಿದ್ದಳು. ರೊಟ್ಟಿಯ ಗಂಟು ಇಳಿಸಿ ಅವನು ನನ್ನ ಹತ್ತಿರ ಬಗ್ಗಿದ.

“ಇದ್ಯಾರವ್ವ?”

“ನೀನಽ ಅಪ್ಪ.”

“ಲಟ್ಟಣಗಿ ಕೊಟ್ಟೀಯಲ್ಲ ನನಗ! ನಾ ಎಂದರ ರೊಟ್ಟಿ ಲಟ್ಟಿಸೇನೇನು? ಇದನ್ನ ಯಾರರ ನೋಡಿದ್ರ ಖಾನಾವಳಿಗೆ ಬರೂದ್ ಬಿಡ್ತಾರ. ಅಂಗೈಲೆ ಬಡೀಬೇಕು, ಹಿಂಗ.”

ಅವನು ಮೇಜಿನ ಮೇಲೆ ಅಂಗೈ ಹಾಸಿ ತೋರಿಸಿದ. ದಾನವ್ವ ಹಣೆ ಚಚ್ಚಿಕೊಂಡಳು. ಅಪ್ಪನಿಗೆ ಅವನ ಕೆಲಸ ತಿರುಗಿ ಕೊಡಲು ಹೋಗಿ, ಮತ್ತೆ ಚಾರ್ಟ್ ನೋಡಿಯೇ ಹೇಳಿದ್ದಳು. ಮೂವತ್ತು ವರ್ಷ ಅವನ ರೊಟ್ಟಿ ತಿಂದವಳಿಗೆ ಅವನ ಕೈ ನೆನಪಾಗಿರಲಿಲ್ಲ.

ಲಟ್ಟಣಿಗೆಯ ಕೈಗಳನ್ನು ಕಿತ್ತಳು. ಉಳಿದಿದ್ದ ನನ್ನ ಚೂರನ್ನು ಬೆನ್ನು ಮೇಲಾಗಿ ತಿರುಗಿಸಿದಳು. ಅದು ಯಾವ ಚಿತ್ರವೂ ಬೀಳದ ಬರೀ ಕಾಗದ. ಅಪ್ಪನ ಅಂಗೈಯನ್ನು ಅದರ ಮೇಲೆ ಇರಿಸಿ ಪೆನ್ಸಿಲ್ ಓಡಿಸತೊಡಗಿದಳು.

“ಹಗೂರಕ ಗೆರಿ ಹೊಡಿಯವ್ವ,” ಎಂದ ಫಕ್ಕೀರಪ್ಪ. “ನಿಮ್ಮನಿ ಆಳಿನ ಕೈ ಐತಿ.”

ಪೆನ್ಸಿಲ್ ಕಿರುಬೆರಳ ಹತ್ತಿರ ನಿಂತಿತು.

“ಕೇಳಿತ್ತೇನಪ್ಪ ನಿನಗ?”

“ಬುಟ್ಟಿ ತಲಿ ಮ್ಯಾಲಿತ್ತು. ಕಿವಿ ಮ್ಯಾಲೇನ್ ಇರಲಿಲ್ಲ.”

“ಅವ್ವಗ ಹೇಳಿದ್ಯಾ?”

“ಪೇಪರ್‌ದಾಗ ಇಲ್ಲದ ಸುದ್ದಿ ಆಕಿಗ್ಯಾಕ? ಗೆರಿ ಮುಗಸು, ಕೈ ಜೋಮು ಹಿಡೀತು.”

ದಾನವ್ವ ಗೆರೆ ಮುಗಿಸಿದಳು. ಕಿರುಬೆರಳ ಹತ್ತಿರ ಅದು ಒಂದೆಳೆ ಆಚೆ ಸರಿದಿತ್ತು. ನೆಟ್ಟಗೆ ಮಾಡಲು ಹೋಗದೆ, ಸರಿದಂತೆಯೇ ಕತ್ತರಿಸಿದಳು. ಗೋಂದು ಹಚ್ಚುವಾಗ ಅವನು ತಡೆದ: “ಪೂರ್ತಿ ಅಂಟಸಬ್ಯಾಡ. ಕೈ ಅಂಟಿದ್ರ ರೊಟ್ಟಿ ಹರೀತೈತಿ.” ಹಾಗಾಗಿ ಮಣಿಕಟ್ಟು ಮಾತ್ರ ಅಂಟಿತು, ಅಂಗೈ ಬಿಡಿಯಾಗಿ ಉಳಿಯಿತು.

ಪ್ರದರ್ಶನದಲ್ಲಿ ಒಬ್ಬ ಹೆಂಗಸು ನನ್ನ ಮುಂದೆ ನಿಂತು, “ಈ ಬಿಳೀ ಕೈ ಯಾರದ್ರಿ?” ಎಂದು ಕೇಳಿದಳು.

“ನಮ್ಮಪ್ಪಂದ್ರಿ,” ಎಂದಳು ದಾನವ್ವ. ಆ ಕೋಣೆಗೆಲ್ಲ ಕೇಳುವಷ್ಟು ಜೋರಾಗಿ. “ಅಗೋ, ಅಲ್ಲಿ ಕುಂತಾರ ನೋಡ್ರಿ.”

ನನ್ನನ್ನು ಕೊಳ್ಳಲು ಬಂದವರಿಗೆ ಅವಳು ಕೊಡಲಿಲ್ಲ. ಈಗ ನಾನು ಕ್ರಾಸಿನ ಖಾನಾವಳಿಯಲ್ಲಿದ್ದೇನೆ. ಕೆಳಗೆ ನೀಲವ್ವ ಕನ್ನಡಕ ಏರಿಸಿ ಪೇಪರು ಓದುತ್ತಾಳೆ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ. ನನಗೆ ವಯಸ್ಸಾಯಿತು, ಬಣ್ಣ ಮಾಸಿತು. ಎಷ್ಟೋ ಮಕ್ಕಳಿಂದ ನಾನು ಒಪ್ಪಿಸಿಕೊಂಡ ಸುಳ್ಳು ಎಷ್ಟು ಮನೆಗಳಿಗೆ ಹೋಯಿತೋ, ಅದನ್ನೆಲ್ಲ ಯಾರು ಕತ್ತರಿಸುತ್ತಾರೋ. ಈಗ ನನಗೆ ಎರಡು ಮೊಳೆ, ಮೈ ಅಲ್ಲಾಡುವುದಿಲ್ಲ. ಆದರೆ ಫ್ಯಾನು ತಿರುಗಿದಾಗಲೆಲ್ಲ ಆ ಬಿಡಿ ಅಂಗೈ ಏಳುತ್ತದೆ, ಬೀಳುತ್ತದೆ. ಸುಮ್ಮನಿರು ಎಂದರೆ ಕೇಳುವುದಿಲ್ಲ.